ಮಕಾವುವಿನ ಮುಂಗೋಡೆ

ಮಕಾವು ಎಂದೊಡನೆ ಕಣ್ಣೆದುರು ನಿಲ್ಲುವುದು ಜೂಜುಮನೆಗಳ ದೀಪಮಾಲೆ. ಆದರೆ ಆ ನಗರದ ಚರಿತ್ರೆಯನ್ನು ಅರಿಯಬಯಸುವವನು ಸೆನಾಡೊ ಚೌಕದಿಂದ ಸಂತ ಪಾಲರ ಇಗರ್ಜಿಯವರೆಗೆ ಕಾಲ್ನಡಿಗೆಯಲ್ಲೇ ಸಾಗಬೇಕು. 1835ರಲ್ಲಿ ಇಗರ್ಜಿ ಬೆಂಕಿಗೆ ಆಹುತಿಯಾಯಿತು. ಉಳಿದದ್ದು ಕಲ್ಲಿನ ಮುಂಗೋಡೆ. ಅದರ ಮೇಲೆ ಕ್ರೈಸ್ತ ಸಂತರೊಡನೆ ಚೀನೀ ಅಕ್ಷರಗಳೂ ಸಿಂಹಗಳೂ ಇವೆ.

ಕೆಳಗಿನ ಬೀದಿಯ ತಿನಿಸುಗಳಲ್ಲಿಯೂ ಇದೇ ಬೆರಕೆ: ಹೆಸರುಹಿಟ್ಟು ಬೆರೆತ ಚೀನೀ ಬಾದಾಮಿ ಬಿಸ್ಕತ್ತಿನ ಪಕ್ಕದಲ್ಲಿ ಪೋರ್ಚುಗೀಸ್ ಮೂಲದ ಮೊಟ್ಟೆ ಟಾರ್ಟು. ಅಲ್ಲಿನ ಮನೆಯಡುಗೆಯ ಸಿಗಡಿ ವ್ಯಂಜನ ‘ಬಲಿಚಾಂವ್’ ಗೋವೆಯ ‘ಬಾಲ್ಚಾಂವ್’ನ ನಂಟನ್ನು ಸಾರುತ್ತದೆ, 1844ರವರೆಗೆ ಮಕಾವು ಗೋವೆಯ ಆಡಳಿತಕ್ಕೆ ಒಳಪಟ್ಟಿತ್ತು. 1999ರಲ್ಲಿ ಪೋರ್ಚುಗೀಸ್ ಧ್ವಜ ಇಳಿಯಿತು. ಹೆಸರು ನಾಲಿಗೆಯಲ್ಲಿ ಉಳಿಯಿತು. ಜೂಜಿಗಾಗಿಯೇ ಬಂದವನು ಗೆದ್ದರೂ ಈ ಶಾಸನವನ್ನು ಓದದೆ ಮರಳುತ್ತಾನೆ.