ನಮ್ಮ ಹಳೆ ಗಾಡಿ, ಘಟ್ಟದ ದಾರಿ

ನಮ್ಮ ಕಮಠಾಣದಲ್ಲಿ ಘಟ್ಟವಿಲ್ಲ. ಕೆಂಪು ಮಣ್ಣಿನ ಬಯಲು. ಬೀದರ್‌ಗೆ ಹೋಗುವಾಗ ಗಾಡಿಯನ್ನು ಎರಡನೇ ಗೇರಿಗೆ ಇಳಿಸುವುದು ಎಮ್ಮೆ ಅಡ್ಡ ಬಂದಾಗ ಮಾತ್ರ. ಹೀಗಾಗಿ ಘಟ್ಟದ ಬಗ್ಗೆ ನನಗೆ ಗೊತ್ತಿದ್ದುದು ಕಡಿಮೆ, ಜಂಬ ಹೆಚ್ಚು.

ಹೋದ ವರ್ಷ ಕಾರ್ತಿಕದಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟೆವು. ನಮ್ಮ ಬೀಗರ ಮಿನಿಬಸ್ಸಿಗೆ 18 ವರ್ಷ ವಯಸ್ಸು. ಒಳಗೆ 16 ಜನ, ಹಾಸಿಗೆ, ಒಲೆ, ಅಕ್ಕಿ, ಬೇಳೆ, ಜೋಳದ ರೊಟ್ಟಿಯ ಗಂಟು. ಮೇಲೆ ಪಾತ್ರೆ, ನೀರಿನ ಡ್ರಮ್ಮು. ಅದೇ ನಮಗೆ ಅಡುಗೆಮನೆ, ಅದೇ ಮಲಗುವ ಮನೆ.

ಏಳನೇ ತರಗತಿಯ ಮೊಮ್ಮಗ ನಕಾಶೆ ಹರಡಿದ. “ಮುತ್ಯಾ, ಆಗುಂಬೆ ಮ್ಯಾಲಿಂದ ಹೋಗೋಣು. ‘ಮಾಲ್ಗುಡಿ ಡೇಸ್’ ತೆಗೆದ ಊರು. ಮೊದಲು ಉಡುಪಿ, ಆಮೇಲೆ ಧರ್ಮಸ್ಥಳ.” ನನಗೂ ಮನಸ್ಸಾಯಿತು.

ಡ್ರೈವರ್ ತಲೆ ಅಲ್ಲಾಡಿಸಿದ. “ಕಾಕಾ, ಅಲ್ಲಿ 14 ಹೇರ್‌ಪಿನ್ ತಿರುವು ಅವ. ರಸ್ತೆ ಇಕ್ಕಟ್ಟು. ದೊಡ್ಡ ಲಾರಿಗಳನ್ನ ಬಿಡೂದಿಲ್ಲ. ಸಣ್ಣ ಬಸ್ಸು ಹೋಗ್ತಾವ, ಖರೆ. ಆದ್ರ ನಮ್ಮದು ಹಳೇದು, ಮ್ಯಾಲ ಭಾರ.”

“ಹಂಗಾದ್ರ ಚಾರ್ಮಾಡಿ?” ಎಂದ ಮೊಮ್ಮಗ. ಅದೂ ಇಕ್ಕಟ್ಟೇ. 2019ರ ಮಳೆಯಲ್ಲಿ ಅಲ್ಲಿ ಹಲವು ಕಡೆ ಗುಡ್ಡ ಕುಸಿದಿತ್ತು. ಉಳಿದದ್ದು ಶಿರಾಡಿ. 2018ರ ಮಳೆಯಲ್ಲಿ ಅಲ್ಲೂ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಆದರೆ ಈಗ ಮಳೆಗಾಲ ಮುಗಿದಿದೆ. ಲಾರಿಗಳು ಓಡಾಡುವ ಅಗಲದ ದಾರಿ. ಹಗಲಿನಲ್ಲೇ ಇಳಿಯುವುದೆಂದು ಠರಾವಾಯಿತು. ಹುಡುಗ ಮುಖ ಊದಿಸಿಕೊಂಡ.

ಸಕಲೇಶಪುರ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ. ಅಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ ಟೈರು, ಬ್ರೇಕು ನೋಡಿದ. ಮೇಲಿದ್ದ ಡ್ರಮ್ಮಿನ ನೀರು ಚೆಲ್ಲಿಸಿದ. ಪಾತ್ರೆಗಳನ್ನು ಕೆಳಗಿಳಿಸಿ ಸೀಟಿನಡಿ ಇಡಿಸಿದ. ಇಳಿಜಾರು ಶುರುವಾದಾಗ ಎರಡನೇ ಗೇರಿಗೆ ಹಾಕಿದ. ಎಂಜಿನ್ ಗುರ್ರೆಂದಿತು.

ನಾನು ಹಿರಿತನ ತೋರಿಸಿದೆ: “ತಮ್ಮಾ, ನ್ಯೂಟ್ರಲ್‌ನ್ಯಾಗ ಬಿಡು. ಡೀಸೆಲ್ ಉಳೀತದ.” ಊರಲ್ಲಿ ನನ್ನ ಜೀಪನ್ನು ನಾನು ಹಾಗೇ ಓಡಿಸುತ್ತಿದ್ದೆ.

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: “ಕಾಕಾ, ಗೇರಿನ್ಯಾಗ ಇದ್ರ ಎಂಜಿನ್ನೇ ಗಾಡಿ ಹಿಡೀತದ. ನ್ಯೂಟ್ರಲ್ ಮಾಡಿದ್ರ ಇಷ್ಟು ಭಾರ ಬರೇ ಬ್ರೇಕಿನ ಮ್ಯಾಲ. ಬ್ರೇಕ್ ಕಾದ್ರ ಹಿಡಿತ ಹೋಗ್ತದ. ಆಮೇಲೆ ನಿಮ್ಮ ಡೀಸೆಲ್ ಏನ್ ಮಾಡ್ತದ?”

ಬಸ್ಸಿನಲ್ಲಿ ಯಾರೂ ನಗಲಿಲ್ಲ. ನನ್ನ ಸೊಸೆ ಕೂಸನ್ನು ಇನ್ನಷ್ಟು ಅಪ್ಪಿಕೊಂಡಳು. ನಾನು ಸುಮ್ಮನಾದೆ. ಹಿಂದಿನಿಂದ ಕಾರುಗಳು ಹಾರ್ನ್ ಹೊಡೆದವು. ಜಾಗ ಸಿಕ್ಕಲ್ಲಿ ಅವನು ಬದಿಗೆ ಸರಿದು ದಾರಿ ಬಿಟ್ಟ. ವೇಗ ಮಾತ್ರ ಹೆಚ್ಚಿಸಲಿಲ್ಲ.

ಗುಂಡ್ಯದಲ್ಲಿ ಇಳಿದೆವು. ಮೊಮ್ಮಗ ಗಾಲಿಯ ಹತ್ತಿರ ಕೈ ಒಯ್ದ. “ಮುಟ್ಟಬ್ಯಾಡ!” ಎಂದ ಡ್ರೈವರ್. ಗೇಣು ದೂರದಿಂದಲೇ ಝಳ ತಾಗುತ್ತಿತ್ತು.

“ಮುತ್ಯಾ, ಇಷ್ಟು ನಿಧಾನ ಬಂದ್ರೂ ಇಷ್ಟು ಬಿಸಿ! ನೀ ಹೇಳಿದಂಗ ಮಾಡಿದ್ರ?”

ನನ್ನ ಬಳಿ ಉತ್ತರವಿರಲಿಲ್ಲ. ಡ್ರೈವರ್‌ಗೆ ಚಹಾ ತಂದುಕೊಟ್ಟೆ. “ತಮ್ಮಾ, ನನ್ನದು ತಪ್ಪಾತು” ಎಂದೆ. ಎಪ್ಪತ್ತು ದಾಟಿದ ಮೇಲೆ ಈ ಮಾತು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಮೊಮ್ಮಗ ಕೇಳಿಸಿಕೊಂಡಿದ್ದು ಒಳ್ಳೆಯದೇ ಆಯಿತು.

ಆಗುಂಬೆಯ ಆಸೆ ಇನ್ನೂ ಇದೆ. ಈ ಬೇಸಿಗೆಯಲ್ಲಿ ನಾವಿಬ್ಬರೇ ಹೋಗುತ್ತೇವೆ; ಒಂದೊಂದು ಕೈಚೀಲ ಹಿಡಿದು, ಆ ದಾರಿಯಲ್ಲಿ ದಿನವೂ ಓಡಾಡುವ ಸಣ್ಣ ಬಸ್ಸಿನಲ್ಲಿ. ಕಿಟಕಿ ಪಕ್ಕ ಅವನು, ಬಾಯಿ ಮುಚ್ಚಿಕೊಂಡು ನಾನು.