ಅಬ್ಬಾ, ಮತ್ತೆ ಬಂದರು!

ನಲವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತವರು ಒಂದು ದಿನ ಮತ್ತೆ ಹಾಡಿದರೆ ಕೇಳುವವರಿಗೆ ಖುಷಿಯಾಗಬೇಕೋ ಬೇಡವೋ? ಆಗುತ್ತದೆ, ಒಂದರ್ಧ ನಿಮಿಷ. ಆಮೇಲೆ ಶುರುವಾಗುತ್ತದೆ ನೋಡಿ ವಿಚಾರಣೆ.

2021ರ ಸೆಪ್ಟೆಂಬರ್ 2ರಂದು ಸ್ವೀಡನ್ನಿನ ಅಬ್ಬಾ ತಂಡ ಎರಡು ಹೊಸ ಹಾಡು ಬಿಟ್ಟಾಗ ಊರೂರಲ್ಲೂ ಆದದ್ದು ಇದೇ. 1981ರ 'ದಿ ವಿಸಿಟರ್ಸ್' ಆದಮೇಲೆ ಅವರದ್ದೊಂದು ಹೊಸ ಆಲ್ಬಂ ಬಂದಿರಲಿಲ್ಲ. ಅಕ್ಕನ ಮಗಳು ಫೋನಿನಲ್ಲಿ ಹಾಡು ಹಾಕಿ ಭಾವನ ಕಿವಿಯ ಹತ್ತಿರ ಹಿಡಿದಳು. ಭಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು, ಕನ್ನಡಕ ಒರೆಸಿದರು, ತೀರ್ಪು ಕೊಟ್ಟರು: "ಚೆನ್ನಾಗೇ ಇದೆ. ಆದರೆ ಡ್ಯಾನ್ಸಿಂಗ್ ಕ್ವೀನ್ ಅಲ್ಲವಲ್ಲ."

ಈ ಮಾತಿಗೆ ನೀವಾದರೂ ಏನು ಹೇಳುತ್ತೀರಿ? ಅವರ ಆ ಹಳೇ ಹಾಡು ಡ್ಯಾನ್ಸಿಂಗ್ ಕ್ವೀನ್ ಒಂದನ್ನು ಬಿಟ್ಟರೆ ಲೋಕದಲ್ಲಿ ಬೇರೆ ಯಾವುದೂ ಡ್ಯಾನ್ಸಿಂಗ್ ಕ್ವೀನ್ ಅಲ್ಲ. ಮೊದಲೇ ಸೋತ ಪಂದ್ಯ ಅದು.

ಭಾವನಿಗೂ ಅಬ್ಬಾಗೂ ಗಂಟು ಬಿದ್ದದ್ದೇ ಒಂದು ಕಥೆ. 1977ರಲ್ಲಿ 'ಹಮ್ ಕಿಸೀಸೆ ಕಮ್ ನಹೀ' ಎಂಬ ಹಿಂದಿ ಸಿನಿಮಾ ಬಂತು. ಅದರ ಒಂದು ಹಾಡಿಗೆ ಆರ್. ಡಿ. ಬರ್ಮನ್ ಅಬ್ಬಾದ 'ಮಾಮಾ ಮಿಯಾ' ಧಾಟಿಯನ್ನು ಸಲೀಸಾಗಿ ಎತ್ತಿ ಕೂರಿಸಿದ್ದರು. ನಮ್ಮ ಭಾವ ಮೊದಲು ಕೇಳಿದ್ದು ಇದನ್ನು. ಮೂಲ ಹಾಡು ಆಮೇಲೆ ಕಿವಿಗೆ ಬಿದ್ದದ್ದರಿಂದ ಸ್ವೀಡನ್ನಿನವರೇ ನಮ್ಮಿಂದ ಕದ್ದಿದ್ದಾರೆಂದು ಬಹಳ ಕಾಲ ನಂಬಿದ್ದರು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಾದವನ್ನೂ ಮಾಡಿದ್ದರಂತೆ. ಸತ್ಯ ಗೊತ್ತಾದಾಗ ಸಿಟ್ಟು ಬರಲಿಲ್ಲ, ಅಬ್ಬಾ ಮೇಲೆ ಭಕ್ತಿ ಬಂತು. ಹಾಗೆ ಒಂದು ಕ್ಯಾಸೆಟ್ ತುಂಬಿಸಿಕೊಂಡರು. ಅರವತ್ತು ನಿಮಿಷದ್ದು, ಒಂದು ಪಕ್ಕಕ್ಕೆ ಅರ್ಧ ಗಂಟೆ. ಮೊದಲ ಪಕ್ಕದ ಕೊನೆಗೆ 'ಚಿಕಿಟೀಟಾ'. ಅಂಗಡಿಯವನು ಲೆಕ್ಕ ತಪ್ಪಿದ್ದಕ್ಕೋ ಏನೋ, ಹಾಡಿನ ಮಾತು ಮುಗಿಯಿತು ಎನ್ನುವಷ್ಟರಲ್ಲಿ ಟೇಪು ಖಾಲಿ, ಟಕ್ಕೆಂದು ಗುಂಡಿ ಮೇಲೆದ್ದುಬಿಡುತ್ತಿತ್ತು.

ಆ ಹಾಡಿನ ಕೊನೆಯಲ್ಲಿ ಮಾತೆಲ್ಲ ಮುಗಿದ ಮೇಲೆ ತಂಡದ ಬೆನ್ನಿ ಆಂಡರ್ಸನ್ ಅವರ ಪಿಯಾನೊ ಇದೆ, ಜಾತ್ರೆಗೆ ಹೊರಟವರ ಹುರುಪಿನಲ್ಲಿ ಸುಮಾರು ಹೊತ್ತು ನುಡಿಯುತ್ತದೆ. ಭಾವ ಅದನ್ನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ, ಮಗಳ ಲ್ಯಾಪ್‌ಟಾಪಿನಲ್ಲಿ. "ಇದೇನಿದು, ಹೊಸದಾಗಿ ಬಾಲ ಸೇರಿಸಿದ್ದಾರೆ!" ಎಂದು ಮುಖ ಹುಳ್ಳಗೆ ಮಾಡಿದರು. ಈಗಲೂ ಅವರ ಲೆಕ್ಕದಲ್ಲಿ ಅಸಲಿ ಚಿಕಿಟೀಟಾ ಟಕ್ಕೆಂದೇ ಮುಗಿಯಬೇಕು. ಇಂಥವರ ಮುಂದೆ ಹೊಸ ಹಾಡೊಂದು ಪರೀಕ್ಷೆಗೆ ಕೂರಬೇಕು, ಪಾಪ.

ಅದಿರಲಿ, ಎಲ್ಲಿದ್ದೆ? ಹೊಸ ಹಾಡು. ಎರಡರಲ್ಲಿ 'ಐ ಸ್ಟಿಲ್ ಹ್ಯಾವ್ ಫೇತ್ ಇನ್ ಯೂ' ತಂಡದ ಗಾಯಕಿ ಫ್ರೀಡಾ ಹಾಡಿದ್ದು. ಗಂಭೀರ, ಕೊಂಚ ಭಾರ, ಸಮಾರಂಭದ ಸ್ವಾಗತ ಭಾಷಣದ ಹಾಗೆ ಎದ್ದು ನಿಲ್ಲುವಂಥದ್ದು. ನನಗೆ ಅಷ್ಟಾಗಿ ಹಿಡಿಸಲಿಲ್ಲ. 'ಡೋಂಟ್ ಶಟ್ ಮಿ ಡೌನ್' ಮಾತ್ರ ಬೇರೆ ವಿಷಯ. ಹೆಂಗಸೊಬ್ಬಳು ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂತಿದ್ದಾಳೆ. ಮಕ್ಕಳೆಲ್ಲ ಮನೆಗೆ ಹೋಗಿಯಾಗಿದೆ. ಅವಳು ಎದ್ದು, ಹಿಂದೆ ಬಿಟ್ಟುಬಂದವನ ಮನೆಯ ಬಾಗಿಲು ತಟ್ಟುತ್ತಾಳೆ. ನಾನು ಮೊದಲಿನವಳಲ್ಲ, ಒಳಗೆ ಕರೆಯುತ್ತೀಯಾ ಎನ್ನುವ ಧಾಟಿ. ಇನ್ನೊಬ್ಬ ಗಾಯಕಿ ಅಗ್ನೆತಾ ನಿಧಾನಕ್ಕೆ, ಮಾತಾಡಿದಂತೆ ಹಾಡುತ್ತ ಬರುತ್ತಾರೆ. ಬಂದವರು ಹಾಗೇ ಒಂದು ಕಡೆ ನಿಲ್ಲುತ್ತಾರೆ, ಪಿಯಾನೊ ಮಣೆಗಳ ಮೇಲೆ ಬೆರಳು ಸರ್ರನೆ ಜಾರಿದ ಸದ್ದು, ತಾಳ ಹತ್ತಿಕೊಳ್ಳುತ್ತದೆ. ಡ್ಯಾನ್ಸಿಂಗ್ ಕ್ವೀನ್ ಶುರುವಾಗುವುದೂ ಅದೇ ಜಾರುವ ಸದ್ದಿನಿಂದ. ತಮ್ಮ ಹಳೇ ಹಾಡಿನ ಬಾಗಿಲನ್ನು ತಾವೇ ತಟ್ಟಿದ್ದಾರೆ ಕಿಲಾಡಿಗಳು! ಹೋಲಿಸಬೇಡಿ ಎಂದು ನಾವು ಯಾರ ಪರ ವಾದ ಮಾಡುವುದು, ಅವರೇ ಹೋಲಿಸಿ ನೋಡಿ ಅನ್ನುತ್ತಿರುವಾಗ?

ಕಂಠ ಇಳಿದಿದೆ, ನಿಜ. ಹಾಡು ಹೊರಬಂದಾಗ ಫ್ರೀಡಾಗೆ 75, ಅಗ್ನೆತಾಗೆ 71. ಆ ಹಳೇ ಮಿಂಚು ಬರೀ ಗಂಟಲಿನದ್ದೂ ಆಗಿರಲಿಲ್ಲ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಧ್ವನಿಮುದ್ರಣಕ್ಕೆ ಕೂರುತ್ತಿದ್ದ ಮೈಕೆಲ್ ಟ್ರೆಟೋ ಎಂಬ ಪುಣ್ಯಾತ್ಮ ಇಬ್ಬರಿಂದಲೂ ಅದೇ ಸಾಲನ್ನು ಮತ್ತೆ ಹಾಡಿಸಿ, ಟೇಪಿನ ವೇಗವನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ, ಒಂದರ ಮೇಲೊಂದು ಕೂರಿಸುತ್ತಿದ್ದ. ಇಬ್ಬರು ಹಾಡಿದರೆ ಓಣಿಯಷ್ಟು ಜನ ಹಾಡಿದಂತೆ ಕೇಳುತ್ತಿದ್ದುದು ಅದಕ್ಕೇ.

ಇನ್ನೊಂದು ತಕರಾರಿದೆ ನನ್ನದು. 'ಹಳೇದು' ಅಂದಾಗ ನಾವು ಎಣಿಸುವುದು ಯಾವುದನ್ನು? 1973ರಿಂದ 1981ರೊಳಗೆ ಅವರು ಎಂಟು ಆಲ್ಬಂ ಮಾಡಿದರು. ಅದರಲ್ಲಿ ಎಷ್ಟೋ ಹಾಡುಗಳ ಹೆಸರು ಭಾವನಿಗೂ ಗೊತ್ತಿಲ್ಲ. ಕೆಲವು ಮರೆತುಹೋದದ್ದೇ ಕ್ಷೇಮ. 1992ರಲ್ಲಿ ರೆಕಾರ್ಡ್ ಕಂಪನಿಯವರು ಕಣದಲ್ಲಿ ನಿಂತು ತೂರಿ, ಜೊಳ್ಳನ್ನೆಲ್ಲ ಗಾಳಿಗೆ ಬಿಟ್ಟು, ಗಟ್ಟಿ ಕಾಳು ಹತ್ತೊಂಬತ್ತನ್ನು ಆರಿಸಿ 'ಅಬ್ಬಾ ಗೋಲ್ಡ್' ಎಂದು ಚೀಲ ಕಟ್ಟಿದರು. ನಾವು ಈ ಚೀಲವನ್ನೇ ಇಡೀ ಬೆಳೆ ಅಂದುಕೊಂಡು, ಇನ್ನೂ ತೆನೆಯಲ್ಲಿರುವುದರ ಪಕ್ಕ ಇಟ್ಟು ನೋಡುತ್ತೇವೆ.

ಭಾವನಂಥ ತೀರ್ಪುಗಾರರ ಮಾತು ಬಂತಲ್ಲ, ಇದೊಂದು ಹೇಳಿಬಿಡುತ್ತೇನೆ. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ. ಅಬ್ಬಾ 'ವಾಟರ್‌ಲೂ' ಹಾಡಿ ಗೆದ್ದರು. ಆತಿಥೇಯ ಬ್ರಿಟನ್ನಿನ ತೀರ್ಪುಗಾರರು ಅದಕ್ಕೆ ಕೊಟ್ಟ ಅಂಕ ಸೊನ್ನೆ. ಅದೇ ಬ್ರಿಟನ್ನಿನ ಲಂಡನ್ನಿನಲ್ಲಿ 2022ರ ಮೇ 27ರಿಂದ ಇವರಿಗೆಂದೇ ಕಟ್ಟಿದ ಮೂರು ಸಾವಿರ ಜನ ಹಿಡಿಸುವ ರಂಗಮಂದಿರದಲ್ಲಿ ಪ್ರದರ್ಶನ ಶುರುವಾಯಿತು. ರಂಗದ ಮೇಲೆ ಇರುವುದು ಅವರಲ್ಲ, 1979ರ ಮುಖಗಳನ್ನು ಕಂಪ್ಯೂಟರಿನಲ್ಲಿ ಮಾಡಿ ನಿಲ್ಲಿಸಿದ ಬೊಂಬೆಗಳು. ಆ ಬೊಂಬೆಗಳಿಗೆಂದು ತಂಡದ ನಾಲ್ವರೂ ಐದು ವಾರ ಮೈಗಂಟಿದ ಬಟ್ಟೆ ತೊಟ್ಟು ಕ್ಯಾಮೆರಾಗಳ ಎದುರು ಹಾಡಿ ಕುಣಿದು ಚಲನೆ ಕೊಟ್ಟರು. ತಮಾಷೆ ಏನೆಂದರೆ ಹೊಸ ಹಾಡುಗಳನ್ನೂ ಈ ಬೊಂಬೆಗಳೇ ಹಾಡುತ್ತವೆ: ಎಪ್ಪತ್ತರ ಆಸುಪಾಸಿನ ಕಂಠ, ಮೂವತ್ತರ ಆಸುಪಾಸಿನ ಮುಖ. ಈಗ ಹೇಳಿ, ಇದು ಹಳೇದೋ ಹೊಸದೋ?

2021ರ ನವೆಂಬರಿನಲ್ಲಿ ಆ ಹೊಸ ಹಾಡುಗಳ 'ವಾಯೇಜ್' ಆಲ್ಬಂ ಪೂರ್ತಿ ಬಂದಾಗ ಅಕ್ಕನ ಮಗಳು ಅಪ್ಪನ ಮೇಲೆ ಒಂದು ಪ್ರಯೋಗ ಮಾಡಿದಳು. ಹೆಸರು ಹೇಳದೆ 'ಜಸ್ಟ್ ಎ ನೋಷನ್' ಹಾಕಿದಳು. ಭಾವನ ಕಾಲು ಕುಣಿಯತೊಡಗಿತು. "ಇದು ನೋಡು, ಇದು ಅಬ್ಬಾ! ಇಂಥದ್ದು ಈಗ ಮಾಡಲಿ ನೋಡೋಣ."

"ಇದು ಹೊಸ ಆಲ್ಬಮ್ಮಿನದೇ ಅಪ್ಪ."

"ಸಾಧ್ಯವೇ ಇಲ್ಲ. ಆ ಗಂಟಲು ಹಳೇದು."

ಅವಳು ನನ್ನ ಕಡೆ ತಿರುಗಿದಳು: "ಮಾಮಾ, ನೀವೇ ಹೇಳಿ." ನಾನೇನು ಹೇಳಲಿ? ಭಾವ ಹೇಳಿದ್ದೇ ಸರಿ. ಆ ಹಾಡಿನ ಗಾಯನ 1978ರದ್ದು; ಆಗ ಬೇಡವೆಂದು ಪಕ್ಕಕ್ಕಿಟ್ಟಿದ್ದಕ್ಕೆ ಹೊಸ ವಾದ್ಯ ಹಾಕಿ ಸೇರಿಸಿದ್ದಾರೆ. ಭಾವನ ಎದೆ ಉಬ್ಬಿತು. ಮಗಳೂ ಕಮ್ಮಿಯಿಲ್ಲ: "ಅಂದರೆ ಅವರೇ ಬಿಸಾಕಿದ್ದು ನಿಮಗೆ ಇಷ್ಟವಾಯಿತು ಅಂತಾಯ್ತು." ಭಾವ ಕಾಫಿ ಲೋಟ ಎತ್ತಿಕೊಂಡರು.

ವಾತಾವರಣ ತಿಳಿಯಾಗಲಿ ಎಂದು ನಾನು ಅಬ್ಬಾದವರ ಮಿಣಮಿಣ ಬಟ್ಟೆಗಳ ಕಥೆ ತೆಗೆದೆ. ಬೀದಿಯಲ್ಲಿ ಹಾಕಿಕೊಂಡು ಓಡಾಡಲಾಗದಂಥ ವೇಷವಾದರೆ ಸ್ವೀಡನ್ನಿನಲ್ಲಿ ಅದರ ಖರ್ಚಿಗೆ ತೆರಿಗೆ ವಿನಾಯಿತಿ ಸಿಗುತ್ತಿತ್ತಂತೆ. ಹಾಗೆಂದು ತಂಡದ ಬ್ಯೋರ್ನ್ ಉಲ್ವೇಯಸ್ ಅವರೇ ಹೇಳಿಕೊಂಡಿದ್ದಾರೆ. ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೂದಲು ಹಣ್ಣು ಮಾಡಿಕೊಂಡ ಭಾವನ ಕಣ್ಣು ಅರಳಿತು. ಡ್ಯಾನ್ಸಿಂಗ್ ಕ್ವೀನಿಗೂ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ. "ಭಲೇ! ಅಷ್ಟೆತ್ತರದ ಬೂಟು ಹಾಕುತ್ತಿದ್ದರಲ್ಲ, ಅದಕ್ಕೂ ಸಿಗುತ್ತಿತ್ತೇನೋ?"