ಹಾರಲರಿಯದ ಗಿಳಿ

ನಮ್ಮ ಶಾಲೆಯಲ್ಲಿ ಓದಿ ಹೋದವರಿಗೆ ಎಂಟನೆಯ ತರಗತಿಯ ಗೋಡೆಯ ಮೇಲಿರುವ ಭೂಪಟವು ನೆನಪಿರಬಹುದು. ಅದರ ಬಲಗಡೆಯ ಕೆಳಮೂಲೆಯು ಹರಿದುಹೋದುದರಿಂದ ನ್ಯೂಜಿಲೆಂಡಿನ ದಕ್ಷಿಣ ಭಾಗವಿದ್ದ ಸ್ಥಳಕ್ಕೆ ಬಟ್ಟೆಯ ತೇಪೆ ಹಾಕಿದೆ. ಕಳೆದ ವರುಷ ಆ ತೇಪೆಯನ್ನೇ ತೋರಿಸುತ್ತ ಕಾಕಪೊ ಎಂಬ ಗಿಳಿಯ ಸಂಗತಿಯನ್ನು ಮಕ್ಕಳಿಗೆ ಹೇಳಿದೆನು. ಗಂಡುಹಕ್ಕಿಯು 4 ಕಿಲೋಗ್ರಾಂ ತೂಗುವುದೂ ಉಂಟು. ಹಗಲು ಅಡಗಿದ್ದು ಇರುಳಿನಲ್ಲಿ ನಡೆದಾಡುವುದು, ರೆಕ್ಕೆಗಳಿದ್ದರೂ ಹಾರಲರಿಯದು. ವೈರಿಯನ್ನು ಕಂಡರೆ ಅಲುಗದೆ ನಿಂತುಬಿಡುವುದು.

"ಹಾಗಾದರೆ ಅದು ದಡ್ಡ ಗಿಳಿ, ಅಮ್ಮನವರೇ!" ಎಂದಳು ಒಬ್ಬ ಹುಡುಗಿ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ಮಾತು ರಾತ್ರಿಯೆಲ್ಲ ನನ್ನನ್ನು ಬಾಧಿಸಿತು. ಪ್ರಶ್ನೆ ಕೇಳಿದರೆ ಕಂಬದಂತೆ ನಿಲ್ಲುತ್ತಿದ್ದ ಒಬ್ಬ ಬಾಲಕಿಯನ್ನು ನನ್ನ ಮೊದಲ ವರುಷಗಳಲ್ಲಿ ನಾನೂ ದಡ್ಡಿಯೆಂದು ಕರೆದಿದ್ದೆನು. ಮರುದಿನ ಪಾಠವನ್ನು ಪುನಃ ಆರಂಭಿಸಿದೆನು.

ಆ ನಾಡಿನಲ್ಲಿ ಹಿಂದೆ ಬೆಕ್ಕು ನರಿಗಳಂತಹ ಮೃಗಗಳೇ ಇರಲಿಲ್ಲ. ಇದ್ದ ವೈರಿಗಳು ಗಿಡುಗ ಹದ್ದುಗಳು; ಅವು ಕಣ್ಣಿನಿಂದ ಬೇಟೆಯಾಡುವಂಥವು. ಹಾವಸೆಯ ಬಣ್ಣದ ಹಕ್ಕಿಯು ಅಲುಗದೆ ನಿಂತರೆ ಅವುಗಳಿಗೆ ಕಾಣದು. ಸುಮಾರು ಏಳುನೂರು ವರುಷಗಳ ಹಿಂದೆ ಮಾವೋರಿ ಜನರೊಡನೆ ನಾಯಿಯೂ ಇಲಿಯೂ ಬಂದವು. ತರುವಾಯ ಯುರೋಪಿನ ಹಡಗುಗಳಲ್ಲಿ ಬೆಕ್ಕುಗಳು ಬಂದವು. ಇವು ಮೂಗಿನಿಂದ ಹುಡುಕುವಂಥವು. ಕಾಕಪೊವಿನ ಮೈಗೋ ಬಲವಾದ ಸುವಾಸನೆ! ಯುಗಯುಗಗಳಿಂದ ಕಾಪಾಡಿದ ವಿದ್ಯೆಯೇ ಅದಕ್ಕೆ ಮೃತ್ಯುವಾಯಿತು. ಅದು ಸಾಲದೆಂಬಂತೆ, ತಾವೇ ತಂದ ಮೊಲಗಳ ಕಾಟವನ್ನು ತಡೆಯಲು 1880ರ ದಶಕದಲ್ಲಿ ಮುಂಗುಸಿಯನ್ನು ಹೋಲುವ ಸ್ಟೋಟ್ ಎಂಬ ಮೃಗವನ್ನೂ ತಂದು ಬಿಟ್ಟರು.

1894ರಲ್ಲಿ ರಿಚರ್ಡ್ ಹೆನ್ರಿ ಎಂಬಾತನು ರೆಸಲ್ಯೂಷನ್ ದ್ವೀಪದ ಪಾಲಕನಾಗಿ ನೇಮಿತನಾದನು. ಮಳೆಯೂ ಏಕಾಂತವೂ ಅವನ ಸಂಗಾತಿಗಳು. ಬಾಯಿಗೆ ಕುಕ್ಕೆ ಕಟ್ಟಿದ ನಾಯಿಯ ಸಹಾಯದಿಂದ ಕಾಕಪೊ, ಕಿವಿ ಹಕ್ಕಿಗಳನ್ನು ಹುಡುಕಿ ಹಿಡಿದು, ದೋಣಿಯಲ್ಲಿ ನೂರಾರು ಹಕ್ಕಿಗಳನ್ನು ಆ ದ್ವೀಪಕ್ಕೆ ಸಾಗಿಸಿದನು. 1900ರಲ್ಲಿ ಸ್ಟೋಟ್ ಅಲ್ಲಿಯೂ ಕಾಣಿಸಿಕೊಂಡಿತು. ಕಡಲನ್ನು ಈಜಿ ಬಂದಿತ್ತು. ಇದನ್ನು ಹೇಳುವಾಗ ಮಕ್ಕಳಲ್ಲಿ ಯಾರೂ ನಗಲಿಲ್ಲ.

1977ರಲ್ಲಿ ಸ್ಟೂವರ್ಟ್ ದ್ವೀಪದಲ್ಲಿ ಒಂದು ಗುಂಪು ಉಳಿದಿರುವುದು ತಿಳಿಯಿತು. ಅಲ್ಲಿಯೂ ಬೆಕ್ಕುಗಳು ಕೊಲ್ಲುತ್ತಿದ್ದುದರಿಂದ ಹಕ್ಕಿಗಳನ್ನು ಬೆಕ್ಕು, ಸ್ಟೋಟ್‌ಗಳಿಲ್ಲದ ಚಿಕ್ಕ ದ್ವೀಪಗಳಿಗೆ ಒಯ್ದರು. (ನಮ್ಮ ಬೋರ್ಡಿಂಗಿನ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.) 1995ರಲ್ಲಿ ಉಳಿದವು ಕೇವಲ 51. ರಿಮು ಮರವು ಹೇರಳವಾಗಿ ಫಲಬಿಡುವ ವರುಷಗಳಲ್ಲಿ ಮಾತ್ರ, ಅಂದರೆ ಎರಡು ನಾಲ್ಕು ವರುಷಗಳಿಗೊಮ್ಮೆ, ಅವು ಮೊಟ್ಟೆಯಿಡುತ್ತವೆ. ಪಾಲಕರು ಕನಿಕರದಿಂದ ಹೆಚ್ಚು ಆಹಾರವಿಟ್ಟರು. ಪುಷ್ಟರಾದ ತಾಯಂದಿರಿಗೆ ಗಂಡುಮರಿಗಳೇ ಹೆಚ್ಚಾಗಿ ಹುಟ್ಟಿದವು, ಬೇಕಾಗಿದ್ದವೋ ಹೆಣ್ಣುಗಳು! ಬಳಿಕ ತೂಕ ನೋಡಿ ಅಳೆದು ಕೊಡತೊಡಗಿದರು. ನಮ್ಮ ಅಡಿಗೆಯಾಕೆ ಇದನ್ನು ಇಂದಿಗೂ ನಂಬಳು. 2022ರಲ್ಲಿ ಲೆಕ್ಕವು 252ಕ್ಕೆ ಏರಿತು. ಪ್ರತಿಯೊಂದಕ್ಕೂ ಹೆಸರಿದೆ. ಆದರೆ ರಕ್ತಸಂಬಂಧವು ಹತ್ತಿರವಾದುದರಿಂದ ಅನೇಕ ಮೊಟ್ಟೆಗಳು ಒಡೆದು ಮರಿಯಾಗುವುದಿಲ್ಲ.

ಒಂದು ವಾರದ ತರುವಾಯ ಭೂಪಟವನ್ನು ನೋಡಿದೆನು. ತೇಪೆಯ ಮೇಲೆ, ಸ್ಟೂವರ್ಟ್ ದ್ವೀಪವಿರಬೇಕಾದ ಕಡೆ, ಯಾರೋ ಹಸುರು ದಾರದಿಂದ ಒಂದು ಚಿಕ್ಕ ಹೊಲಿಗೆ ಹಾಕಿದ್ದರು. ಹೊಲಿಗೆಯ ರೀತಿಯನ್ನು ನೋಡಿ ಅದು ಯಾರ ಕೈಯೆಂದು ತಿಳಿದೆನು, ಕೇಳಲಿಲ್ಲ.